ಇಪ್ಪತ್ತೆಂಟು ದಿನ ಅಲ್ಲಿ, ಇಪ್ಪತ್ತೆಂಟು ದಿನ ಇಲ್ಲಿ: ಒಂದು ಆಪ್ತಸಲಹೆ ಪ್ರಕರಣ

ಗುರುತು ಹತ್ತುವಂಥ ವಿವರಗಳನ್ನು ಬದಲಿಸಲಾಗಿದೆ. ಬರೆಯಲು ದಂಪತಿಯ ಒಪ್ಪಿಗೆ ಇದೆ.

ಬಂದವರಿಗೆ 36 ವರ್ಷ. ಊರು ಕುಮಟಾ ತಾಲೂಕಿನ ಒಳಭಾಗ, ಒಂದೂವರೆ ಎಕರೆ ಅಡಿಕೆ ತೋಟ. ಕಾರವಾರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ. ಮೂರು ವರ್ಷ ಮಂಗಳೂರು ಕಡೆ ಶಟ್‌ಡೌನ್ (ಸ್ಥಾವರ ನಿಲ್ಲಿಸಿ ಮಾಡುವ ರಿಪೇರಿ) ಕಾಂಟ್ರಾಕ್ಟರುಗಳ ಹತ್ತಿರ ದುಡಿದು, ಕಳೆದ 8 ವರ್ಷಗಳಿಂದ ಅಬುಧಾಬಿಯ ಸಮುದ್ರದೊಳಗಿನ ತೈಲ ಪ್ಲಾಟ್‌ಫಾರ್ಮ್‌ಗಳಲ್ಲಿ ಪೈಪಿಂಗ್ ಇನ್‌ಸ್ಪೆಕ್ಟರ್, ಅಂದರೆ ಪೈಪುಗಳ ಸ್ಥಿತಿ ಪರೀಕ್ಷಿಸುವವರು. ಕೆಲಸಕ್ಕೆ ಇಟ್ಟುಕೊಂಡದ್ದು ತೈಲ ಕಂಪನಿಯಲ್ಲ, ಮ್ಯಾನ್‌ಪವರ್ ಏಜೆನ್ಸಿ. 28 ದಿನ ಕೆಲಸ, 28 ದಿನ ಮನೆ.

ಆಪ್ತಸಲಹೆಗೆ ಕಾರವಾರಕ್ಕೆ ಬಂದದ್ದು ನವೆಂಬರ್ 10ರಂದು, ಪತ್ನಿಯ ಒತ್ತಾಯಕ್ಕೆ. ಅವರು ಹೈಸ್ಕೂಲ್ ಶಿಕ್ಷಕಿ. "ಮನೆಗೆ ಬಂದ್ರೂ ಇವ್ರು ಒಂದು ವಾರ ಹೆಲಿಕಾಪ್ಟರಿನಲ್ಲೇ ಇರ್ತಾರೆ. ಯಾರ ಹತ್ರನೂ ಮಾತಿಲ್ಲ. ಮಾತು ಬಂತು ಅಂದ್ರೆ ಜಗಳ" ಎಂದರು. ಪತಿಯ ದೂರು ಬೇರೆ. ಜೊತೆಗಿದ್ದ ಇಬ್ಬರು ಲೀಡ್ ಇನ್‌ಸ್ಪೆಕ್ಟರ್ ಆದರು, ತಾನು ಅಲ್ಲೇ ಉಳಿದೆ. ಅಪ್ಪನಿಗೆ ವಯಸ್ಸಾಯಿತು. "ಜನವರಿಗೆ ಹೋಗೋದೇ ಬ್ಯಾಡ, ರಾಜೀನಾಮೆ ಕೊಟ್ಟುಬಿಡ್ತೆ" ಎಂದು ನಿರ್ಧರಿಸಿ ಆಗಿತ್ತು. ಅದರ ಬೆನ್ನಿಗೇ, ಒಂದು ತರಬೇತಿ ಸಂಸ್ಥೆಯವರು ನಾಲ್ಕು ಸರ್ಟಿಫಿಕೇಟುಗಳ ಪ್ಯಾಕೇಜ್ ಹೇಳಿದ್ದಾರೆ, ದುಡ್ಡು ಕಟ್ಟಲೇ ಎಂಬ ಪ್ರಶ್ನೆ. ಎರಡೂ ಒಂದೇ ಉಸಿರಿನಲ್ಲಿ ಬಂದವು.

ಮೊದಲ ಭೇಟಿಯಲ್ಲಿ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಕೊಡಲಾಯಿತು. 27ಕ್ಕೆ 8 ಬಂತು. ಸೌಮ್ಯ ಖಿನ್ನತೆಯ ಮಟ್ಟ, ಸಾವಿನ ಯೋಚನೆಯ ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಅಂಕ ಹೆಚ್ಚಾಗಿ ಬಂದದ್ದು ನಿದ್ದೆ ಮತ್ತು ದಣಿವಿನ ಪ್ರಶ್ನೆಗಳಲ್ಲಿ. 12 ತಾಸಿನ ಪಾಳಿ, ಅದರಲ್ಲಿ ಅರ್ಧ ಅವಧಿ ರಾತ್ರಿ ಪಾಳಿ ಮಾಡಿ ಬಂದವರಿಗೆ ದೇಹದ ಗಡಿಯಾರ ಸರಿಹೋಗಲು ಕೆಲವು ದಿನ ಬೇಕು. ಗೋವಾದಲ್ಲಿ ಇಳಿದು ನೇರ ಮನೆಗೆ ಬಂದು, ಅದೇ ಸಂಜೆ ಸಾಲ, ತೋಟ, ಮಕ್ಕಳ ಶಾಲೆ ಎಲ್ಲವನ್ನೂ ಹರಡಿಕೊಂಡು ಕೂರುವುದು ಈ ಮನೆಯ ರೂಢಿಯಾಗಿತ್ತು. ಅದಕ್ಕೆ ಕೊಟ್ಟ ಸಲಹೆ: ಮೊದಲ ಮೂರು ದಿನ ದುಡ್ಡಿನ ಮಾತು, ಊರಿನ ತಕರಾರು ಯಾವುದೂ ಬೇಡ. ಬೆಳಿಗ್ಗೆ ಬಿಸಿಲಿಗೆ ಅರ್ಧ ತಾಸು ತೋಟದಲ್ಲಿ ಓಡಾಟ. ಮಧ್ಯಾಹ್ನದ ನಿದ್ದೆ 30 ನಿಮಿಷ ಮೀರಬಾರದು. ನಿದ್ದೆ ಬರಲೆಂದು ಕುಡಿಯಬಾರದು. ನಾಲ್ಕನೇ ದಿನ ಇಬ್ಬರೂ ಕೂತು ಮಾತಾಡುವುದು. ಇಷ್ಟು ಹೇಳಿ ಆ ವಿಷಯ ಅಲ್ಲಿಗೆ ಬಿಡಲಾಯಿತು. ಎರಡು ವಾರ ಮೀರಿ ನಿದ್ದೆ ಬಾರದಿದ್ದರೆ ಅಥವಾ ಮನಸ್ಸು ಕುಗ್ಗಿದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರು ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416.

ತುರ್ತಾಗಿ ನೋಡಬೇಕಾದದ್ದು ಜನವರಿ ರಾಜೀನಾಮೆ, ಅದೂ ತೆರಿಗೆಯ ಕಾರಣಕ್ಕೆ. ಪಾಸ್‌ಪೋರ್ಟ್ ತರಿಸಿ, ಮುದ್ರೆಗಳನ್ನು ನೋಡಿ ಏಪ್ರಿಲ್ 1ರಿಂದ ಭಾರತದಲ್ಲಿದ್ದ ದಿನಗಳನ್ನು ಅವರಿಂದಲೇ ಎಣಿಸಲಾಯಿತು. 28/28 ಎಂದರೆ ವರ್ಷದ ಅರ್ಧ ಹೊರಗೆ, ಹಾಗಾಗಿ ಎನ್‌ಆರ್‌ಐ ಎಂದು ಬಹುತೇಕರು ನಂಬಿಕೊಂಡಿರುತ್ತಾರೆ. ಉದ್ಯೋಗಕ್ಕಾಗಿ ಹೊರದೇಶದಲ್ಲಿದ್ದು ರಜೆಗೆ ಬರುವ ಭಾರತೀಯ ಪ್ರಜೆಯು ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದರೆ ಆದಾಯ ತೆರಿಗೆಗೆ ನಿವಾಸಿಯಾಗುತ್ತಾರೆ. ಭಾರತದೊಳಗಿನ ಆದಾಯ 15 ಲಕ್ಷ ಮೀರಿದವರಿಗೆ ಮಿತಿ 120 ದಿನಕ್ಕೆ ಇಳಿಯುತ್ತದೆ. ಇವರಿಗೆ ಅದು ಅನ್ವಯಿಸುವುದಿಲ್ಲ. ಬಂದ ದಿನ, ಹೋದ ದಿನ ಎರಡನ್ನೂ ಎಣಿಸಿಕೊಳ್ಳುವುದೇ ಕ್ಷೇಮ. ಆಗ ಪ್ರತಿ ರಜೆ 28 ಅಲ್ಲ, 29 ದಿನ. ರಾತ್ರಿ 11.40ಕ್ಕೆ ವಿಮಾನ ಇಳಿದರೂ ಒಂದು ದಿನ ಹೋಯಿತು.

ಲೆಕ್ಕ ಹೀಗೆ ಬಂತು. ನವೆಂಬರ್ 10ರವರೆಗೆ 121 ದಿನ. ಇದರಲ್ಲಿ ಅಪ್ಪನ ಕಣ್ಣಿನ ಆಪರೇಷನ್‌ಗೆಂದು ಹೆಚ್ಚಾಗಿ ಉಳಿದ 5 ದಿನವೂ ಸೇರಿದೆ. ನವೆಂಬರ್ 12ಕ್ಕೆ ಹೊರಟರೆ ಇನ್ನೆರಡು. ಡಿಸೆಂಬರ್ 10ರಿಂದ ಜನವರಿ 7ರವರೆಗೆ 29. ಫೆಬ್ರವರಿ 4ರಿಂದ ಮಾರ್ಚ್ 4ರವರೆಗೆ 29. ಒಟ್ಟು 181. ಮುಂದಿನ ಬಾರಿ ಇಳಿಯುವುದು ಏಪ್ರಿಲ್ 1ಕ್ಕೆ, ಅಂದರೆ ಹೊಸ ಆರ್ಥಿಕ ವರ್ಷಕ್ಕೆ. ಎಲ್ಲವೂ ಸರಿಯಾಗಿ ನಡೆದರೂ ಕೈಯಲ್ಲಿ ಉಳಿಯುವುದು ಒಂದೂ ಇಲ್ಲ. ಮಂಜಿಗೆ ಒಂದು ವಿಮಾನ ರದ್ದಾದರೆ 182. ಇನ್ನು ಜನವರಿ 7ಕ್ಕೆ ಹೋಗದೆ ಮನೆಯಲ್ಲೇ ಉಳಿದರೆ 182 ಎಲ್ಲಿ ನಿಂತೀತು!

ಅದರ ಪರಿಣಾಮ ಏನೆಂದರೆ, ಏಪ್ರಿಲ್‌ನಿಂದ ಅಲ್ಲಿ ದುಡಿದ ಪೂರ್ತಿ ಸಂಬಳ ಇಲ್ಲಿ ತೆರಿಗೆಗೆ ಬರುತ್ತದೆ. ಯುಎಇಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲದ ಕಾರಣ ಕಳೆಯಲು ಅಲ್ಲಿ ಕಟ್ಟಿದ್ದೂ ಇಲ್ಲ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರಿಗೆ ಒಂದು ರಿಯಾಯಿತಿ ಉಂಟು. ಇವರದ್ದು 8ಕ್ಕೆ ನಿಂತಿದೆ. ಹಿಂದಿನ 7 ವರ್ಷಗಳಲ್ಲಿ 729 ದಿನ ಮೀರದಂತೆ ಇಲ್ಲಿದ್ದವರಿಗೂ ಅದು ಸಿಗುತ್ತದೆ, ಆದರೆ ರೊಟೇಶನ್‌ನವರಿಗೆ ಆ ಮಿತಿ ನಾಲ್ಕೈದು ವರ್ಷಕ್ಕೇ ದಾಟಿರುತ್ತದೆ. ಕೊನೆಯ ಮಾತು ಚಾರ್ಟರ್ಡ್ ಅಕೌಂಟೆಂಟ್‌ರದ್ದು ಎಂದು ಹೇಳಿ, ಎಣಿಕೆಯ ಹಾಳೆಯೊಂದಿಗೆ ಅವರಲ್ಲಿಗೆ ಕಳಿಸಲಾಯಿತು. ಸಲಹೆ: ಈ ವರ್ಷ ರಾಜೀನಾಮೆ ಬೇಡ, ಫೆಬ್ರವರಿ ರಜೆಯಲ್ಲಿ 5 ದಿನ ಮೊದಲೇ ಹೊರಟು ಅಬುಧಾಬಿಯಲ್ಲಿ ಉಳಿಯಿರಿ, ಬೋರ್ಡಿಂಗ್ ಪಾಸುಗಳ ಫೋಟೊ ತೆಗೆದಿಡಿ. ನಿಜಕ್ಕೂ ಬಿಟ್ಟು ಬರುವುದಾದರೆ ಏಪ್ರಿಲ್ 1ಕ್ಕೆ ಇಲ್ಲಿ ಇಳಿಯುವಂತೆ, ಕರಾರಿನಲ್ಲಿರುವ ನೋಟಿಸ್ ಅವಧಿಯನ್ನು ಹಿಂದಕ್ಕೆ ಎಣಿಸಿ ಪತ್ರ ಕೊಡಿ. ಅಲ್ಲಿನ ಕಾನೂನಿನಂತೆ ನೋಟಿಸ್ 30ರಿಂದ 90 ದಿನ.

ಗ್ರಾಚ್ಯುಟಿಯ ವಿಷಯದಲ್ಲೂ ಇವರಿಗೆ ತಪ್ಪು ಅಂದಾಜಿತ್ತು. ತಿಂಗಳಿಗೆ ಕೈಗೆ ಬರುವುದು 15,000 ದಿರ್ಹಮ್, ಆದರೆ ಬೇಸಿಕ್ (ಮೂಲ ವೇತನ) 6,000 ಮಾತ್ರ. ಗ್ರಾಚ್ಯುಟಿ ಬೇಸಿಕ್ ಮೇಲೆ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. ದಿನಕ್ಕೆ 200ರಂತೆ 105 ದಿನಕ್ಕೆ 21,000, ನಂತರದ 3 ವರ್ಷಕ್ಕೆ 18,000, ಒಟ್ಟು 39,000. ಇವರು ಅಂದುಕೊಂಡದ್ದು ಅದರ ಎರಡರಷ್ಟು. ಜೊತೆಗೆ, 8 ವರ್ಷವೂ ಒಂದೇ ಏಜೆನ್ಸಿಯೇ ಎಂದು ಕೇಳಿದಾಗ, ನಡುವೆ ಒಮ್ಮೆ ಬದಲಾಗಿತ್ತು ಎಂಬುದು ನೆನಪಾಯಿತು. ಏಜೆನ್ಸಿ ಬದಲಾದಾಗ ಹಳೆಯದು ಚುಕ್ತಾ ಆಗಿ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಹಾಗಾದರೆ 39,000 ಕೂಡ ಇಲ್ಲ. ಮನೆ ಸಾಲ ತೀರಿಸುವ ಯೋಜನೆ ಈ ದುಡ್ಡಿನ ಮೇಲೆ ನಿಂತಿತ್ತು.

ಎರಡನೇ ಭೇಟಿ ಡಿಸೆಂಬರ್‌ನಲ್ಲಿ. ಲೀಡ್ ಯಾಕೆ ಆಗಲಿಲ್ಲ ಎಂಬ ಪ್ರಶ್ನೆಗೆ ಇವರ ಉತ್ತರ ಸಿದ್ಧವಿತ್ತು: ಡಿಗ್ರಿ ಇಲ್ಲ, ಸರ್ಟಿಫಿಕೇಟ್ ಇಲ್ಲ. ರೆಸ್ಯೂಮೆ ತೆರೆದು ನೋಡಿದರೆ ಆರು ಪುಟ. ಕಂಪನಿ ಹೆಸರು, ಪ್ರಾಜೆಕ್ಟ್ ಹೆಸರು, "ಪೈಪಿಂಗ್ ಇನ್‌ಸ್ಪೆಕ್ಷನ್ ಜವಾಬ್ದಾರಿ" ಎಂಬ ಸಾಲು ಏಳು ಕಡೆ. ಕಳೆದ ಪಾಳಿಯಲ್ಲಿ ಮಾಡಿದ ಒಂದು ಕೆಲಸ ಹೇಳಿ ಎಂದಾಗ ಮಾತ್ರ ಮನುಷ್ಯ ಬದಲಾದರು. 6 ಇಂಚಿನ, ದಪ್ಪ ಗೋಡೆಯ (ಶೆಡ್ಯೂಲ್ 80) ಕಾರ್ಬನ್ ಸ್ಟೀಲ್ ಪೈಪ್ ಲೈನ್. ಆರು ವರ್ಷದ ಹಿಂದೆ ಗೋಡೆ ದಪ್ಪ 10.2 ಮಿಲಿಮೀಟರ್. ಹೊಸ ರೀಡಿಂಗ್ 9.2 ಎಂದು ಟೆಕ್ನೀಶಿಯನ್ ಬರೆದಿದ್ದ. ಲೈನ್ ಬಿಸಿಯಿತ್ತು, ಶಬ್ದದ ಅಲೆಯಿಂದ ದಪ್ಪ ಅಳೆಯುವ ಮೀಟರನ್ನು ಕ್ಯಾಲಿಬ್ರೇಟ್ ಮಾಡಿದ್ದು (ಸರಿಹೊಂದಿಸಿದ್ದು) ನೆರಳಿನಲ್ಲಿದ್ದ ತಣ್ಣನೆಯ ಬ್ಲಾಕ್ ಮೇಲೆ. ಬಿಸಿ ಉಕ್ಕಿನಲ್ಲಿ ಶಬ್ದ ನಿಧಾನವಾಗಿ ಹೋಗುವುದರಿಂದ ದಪ್ಪ ಹೆಚ್ಚು ತೋರುತ್ತದೆ, ಸುಮಾರು 55 ಡಿಗ್ರಿಗೆ ಶೇ 1ರಷ್ಟು. ಇವರು ತಿದ್ದಿದಾಗ 9.0 ಬಂತು. ವರ್ಷಕ್ಕೆ 0.2 ಮಿಲಿಮೀಟರ್ ಸವೆತ; ಬೇಕಾದ ಕನಿಷ್ಠ ದಪ್ಪ 7.0, ಉಳಿದ ಆಯುಷ್ಯ 10 ವರ್ಷ. ಅಪಾಯದ ಲೆಕ್ಕದಲ್ಲಿ ಎರಡನೇ ದರ್ಜೆಯ (ಕ್ಲಾಸ್ 2) ಲೈನಿಗೆ ಎರಡು ಅಳತೆಗಳ ನಡುವಿನ ಗರಿಷ್ಠ ಅಂತರ 10 ವರ್ಷವಿದ್ದರೂ ಉಳಿದ ಆಯುಷ್ಯದ ಅರ್ಧವೇ ಮಿತಿ, ಆದ್ದರಿಂದ ಮುಂದಿನ ಅಳತೆ 5 ವರ್ಷದೊಳಗೆ. ತಿದ್ದದೆ 9.2 ಎಂದೇ ಬಿಟ್ಟಿದ್ದರೆ ಆ ಅಂತರ ಆರೂವರೆ ವರ್ಷ ದಾಟುತ್ತಿತ್ತು. ಇದನ್ನೆಲ್ಲ ಚೀಟಿ ನೋಡದೆ ಹೇಳಿದರು. ರೆಸ್ಯೂಮೆಯ ಆರು ಪುಟಗಳಲ್ಲಿ ಇದರ ಒಂದಕ್ಷರ ಇರಲಿಲ್ಲ.

"ಇದನ್ನೂ ಬರೀಬೇಕಾ? ಇದು ದಿನಾ ಮಾಡೋದಲ್ವಾ" ಎಂದರು.

ಅವರಿಗೆ ಕೊಟ್ಟ ಮುಖ್ಯ ಕೆಲಸ ಇದೇ ಆಯಿತು, ಉಳಿದ ಸಲಹೆಗಳೆಲ್ಲ ಇದರ ಹಿಂದೆ. ಒಂದು ನೋಟ್‌ಬುಕ್, ಒಂದು ಕೆಲಸಕ್ಕೆ ಅರ್ಧ ಪುಟ: ಯಾವ ಉಪಕರಣ, ಒಳಗೆ ಹರಿಯುವುದೇನು, ಲೋಹ ಯಾವುದು, ಯಾವ ಕೋಡ್, ಕಂಡದ್ದೇನು, ತಾನು ಹೇಳಿದ್ದೇನು, ಕೊನೆಗೆ ಮಾಡಿದ್ದೇನು. ತನ್ನ ಮಾತನ್ನು ಮೇಲಿನವರು ತಳ್ಳಿಹಾಕಿದ್ದರೆ ಅದೂ ಇರಲಿ. ಒಂದು ಎಚ್ಚರಿಕೆ: ಲೈನ್ ನಂಬರ್, ಡ್ರಾಯಿಂಗ್, ವರದಿಯ ಫೋಟೊ ಯಾವುದನ್ನೂ ಪ್ಲಾಟ್‌ಫಾರ್ಮ್‌ನಿಂದ ಹೊರಗೆ ತರಬಾರದು, ಅವು ಮಾಲೀಕರ ಸ್ವತ್ತು. ನೆನಪಿನಿಂದ, ಗುರುತಿಲ್ಲದಂತೆ ಬರೆಯಬೇಕು. 8 ವರ್ಷದಿಂದ 20 ಕೆಲಸ ಆರಿಸಿದರೆ ಸಾಕು, ಅದರಲ್ಲಿ ಆರು ರೆಸ್ಯೂಮೆಗೆ. ಎರಡು ಪುಟ ಮೀರಬಾರದು.

ಪ್ಯಾಕೇಜ್ ವಿಷಯಕ್ಕೆ ಬಂದರೆ, ನಾಲ್ಕರಲ್ಲಿ ಒಂದು ಮಾತ್ರ ಇವರ ಕೆಲಸಕ್ಕೆ ಹೊಂದುತ್ತಿತ್ತು: ಎಪಿಐ 570, ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಕೊಡುವ ಪೈಪಿಂಗ್ ಇನ್‌ಸ್ಪೆಕ್ಟರ್ ಪ್ರಮಾಣಪತ್ರ. ಡಿಪ್ಲೊಮಾದವರಿಗೂ ದಾರಿ ಉಂಟು. ಬಿಇ ಆದವರಿಗೆ 1 ವರ್ಷ ಅನುಭವ ಕೇಳಿದರೆ ಡಿಪ್ಲೊಮಾಕ್ಕೆ 2 ವರ್ಷ. ಪರೀಕ್ಷೆಯಲ್ಲಿ 170 ಪ್ರಶ್ನೆ: ಪುಸ್ತಕ ಮುಚ್ಚಿ 110, ತೆರೆದು 60. ತೆರೆದ ಭಾಗಕ್ಕೆ ಹೆದರಿ ಲೆಕ್ಕಗಳನ್ನೇ ಉಜ್ಜುವವರು ಮುಚ್ಚಿದ ಭಾಗದಲ್ಲಿ ಬೀಳುತ್ತಾರೆ. ಎಪಿಐ 570, 571, 574 ಮತ್ತು 577 ಎಂಬ ಕೋಡ್ ಪುಸ್ತಕಗಳನ್ನು ಓದಿ ನೆನಪಿಡಬೇಕು, ಅದೂ ಆ ಪರೀಕ್ಷೆಗೆ ಪ್ರಕಟಿಸಿದ ಆವೃತ್ತಿಗಳನ್ನೇ. ಪ್ಲಾಟ್‌ಫಾರ್ಮ್‌ನ ಕಪಾಟಿನಲ್ಲಿರುವ ಹಳೆಯ ಪ್ರತಿಯಿಂದ ಓದಿದರೆ ಉತ್ತರ ತಪ್ಪುತ್ತದೆ. ಪ್ರಮಾಣಪತ್ರ 3 ವರ್ಷಕ್ಕೊಮ್ಮೆ ನವೀಕರಣ. ಪ್ಲಾಟ್‌ಫಾರ್ಮ್‌ನಲ್ಲಿ ಊಟದ ನಂತರ 45 ನಿಮಿಷ ಓದು, ವಾರಕ್ಕೆ ಐದು ದಿನ. ಮನೆಯಲ್ಲಿ ಬೆಳಿಗ್ಗೆ ಮಕ್ಕಳು ಏಳುವ ಮುಂಚೆ ಮಾತ್ರ.

ಪ್ಯಾಕೇಜಿನ ಇನ್ನೊಂದು ಆಕರ್ಷಣೆ ಎನ್‌ಡಿಟಿ (ವಸ್ತುವಿಗೆ ಹಾನಿಯಾಗದಂತೆ ಮಾಡುವ ಪರೀಕ್ಷೆ) ಲೆವೆಲ್ 2. ನಮ್ಮ ಕಡೆಯ ಹುಡುಗರು ಇದಕ್ಕೆ ಎಷ್ಟು ದುಡ್ಡು ಸುರಿದಿದ್ದಾರೋ! ಎಸ್‌ಎನ್‌ಟಿ-ಟಿಸಿ-1ಎ ಎಂಬ ಅಮೆರಿಕದ ಪದ್ಧತಿಯಲ್ಲಿ ಪ್ರಮಾಣೀಕರಿಸುವುದು ಉದ್ಯೋಗದಾತ, ತನ್ನದೇ ಲಿಖಿತ ನಿಯಮದಂತೆ. ಆ ಕೆಲಸ ಬಿಟ್ಟರೆ ಪ್ರಮಾಣಪತ್ರವೂ ಮುಗಿಯಿತು. ತರಬೇತಿ ಸಂಸ್ಥೆ ಕೊಡುವ ಹಾಳೆ ತರಬೇತಿಯ ದಾಖಲೆ, ಅಷ್ಟೇ. ಕೆಲಸ ಬದಲಾದರೂ ಜೊತೆಗೆ ಬರಬೇಕು ಎಂದರೆ ಐಎಸ್‌ಒ 9712 ಎಂಬ ಅಂತರರಾಷ್ಟ್ರೀಯ ಮಾನದಂಡದಡಿ ಸ್ವತಂತ್ರ ಸಂಸ್ಥೆ ಕೊಡುವುದು, 5 ವರ್ಷ ಸಿಂಧು. ಇವರಿಗೆ ಈಗ ಅದರ ಅಗತ್ಯವಿಲ್ಲ.

ಅಂಚೆ ಮೂಲಕ ಬಿಇ ಮಾಡಿಸುವ ಮಾತೂ ಯಾರೋ ಆಡಿದ್ದರು. ಅಂಚೆ ಶಿಕ್ಷಣದ ಎಂಜಿನಿಯರಿಂಗ್ ಡಿಗ್ರಿಗಳ ವಿರುದ್ಧ 2017ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಬಂದಿದೆ. ಎಂಜಿನಿಯರುಗಳ ಸಂಸ್ಥೆ ನಡೆಸುವ ಎಎಂಐಇ ಪರೀಕ್ಷೆಗೆ ಬಿಇ ಸಮಾನತೆ ಇರುವುದು 2013ರ ಮೇ 31ರೊಳಗೆ ನೋಂದಾಯಿಸಿದವರಿಗೆ. ಕಾಗದ ದೃಢೀಕರಣಕ್ಕೆ ಹೋದಾಗ ಸಿಕ್ಕಿಬಿದ್ದರೆ ಈಗಿರುವ ಕೆಲಸಕ್ಕೂ ಕುತ್ತು. ನಿಜವಾದ ಬಿಇ ಬೇಕಿದ್ದರೆ ಲ್ಯಾಟರಲ್ ಎಂಟ್ರಿಯಲ್ಲಿ ಎರಡನೇ ವರ್ಷಕ್ಕೆ ಸೇರಿ ಮೂರು ವರ್ಷ ತರಗತಿಯಲ್ಲಿ ಕೂರಬೇಕು. 28/28ರಲ್ಲಿ ಅದು ಆಗದ ಮಾತು.

ಬೋಸಿಯೆಟ್ ಬಗ್ಗೆ ಒಂದು ಮಾತು. ನೀರೊಳಗೆ ಹೆಲಿಕಾಪ್ಟರಿನಿಂದ ಪಾರಾಗುವ ತರಬೇತಿ ಸೇರಿದ, ಸಮುದ್ರದ ಕೆಲಸಕ್ಕೆ ಬೇಕಾದ ಈ ಸುರಕ್ಷಾ ಪ್ರಮಾಣಪತ್ರ 4 ವರ್ಷ ಸಿಂಧು. ಮುಗಿಯುವ ಮುಂಚೆ ಫೋಯೆಟ್ ಎಂಬ ಒಂದು ದಿನದ ಪುನರ್‌ತರಬೇತಿ ಸಾಕು. ಒಂದು ದಿನ ತಡವಾದರೂ ಮೂರು ದಿನದ್ದನ್ನು ಮೊದಲಿನಿಂದ ಮಾಡಬೇಕು. ಇವರದ್ದು ಮಾರ್ಚ್‌ಗೆ ಮುಗಿಯುವುದಿತ್ತು, ನೋಡಿಯೇ ಇರಲಿಲ್ಲ. ಫೆಬ್ರವರಿಯಲ್ಲಿ ಅಬುಧಾಬಿಯಲ್ಲಿ ಕಳೆಯಬೇಕಾದ ಆ 5 ದಿನಗಳಲ್ಲಿ ಅದನ್ನು ಸೇರಿಸಲಾಯಿತು.

ಊರ ಹತ್ತಿರ ಕೆಲಸ ಸಿಕ್ಕೀತೇ ಎಂಬುದು ಪತ್ನಿಯ ಪ್ರಶ್ನೆ. ಮಂಗಳೂರಿನಲ್ಲಿ ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯದ ರಿಫೈನರಿ ಇದೆ, ಮಂಗಳೂರು ಮತ್ತು ಪಾದೂರಿನಲ್ಲಿ ಕಚ್ಚಾತೈಲದ ಭೂಗತ ಸಂಗ್ರಹಗಳಿವೆ. ಕೈಗಾ ಅಣುಸ್ಥಾವರದಲ್ಲಿ 220 ಮೆಗಾವ್ಯಾಟ್‌ನ 4 ಘಟಕಗಳ ಪಕ್ಕದಲ್ಲಿ 700ರ 2 ಘಟಕಗಳ ಕೆಲಸ ನಡೆದಿದೆ. ಅಲ್ಲಿ ಎಪಿಐ 570 ನಡೆಯದಿದ್ದರೂ ವೆಲ್ಡಿಂಗ್ ಮತ್ತು ಎನ್‌ಡಿಟಿಯ ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ) ಕೋಡುಗಳ ಜ್ಞಾನ ಉಪಯೋಗಕ್ಕೆ ಬರುತ್ತದೆ. ಸಂಬಳ ಮಾತ್ರ ಈಗಿನದರ ಮೂರನೇ ಒಂದು ಭಾಗ ಎಂದು ಹಿಡಿದು ಮನೆ ಖರ್ಚು ಬರೆಯಲು ಹೇಳಲಾಯಿತು. ಇಬ್ಬರೂ ಬೇರೆಬೇರೆಯಾಗಿ ಬರೆದರು. ತಿಂಗಳ ಮೊತ್ತದಲ್ಲಿ 22,000 ರೂಪಾಯಿ ವ್ಯತ್ಯಾಸ ಬಂತು. ಅದರಲ್ಲಿ ಹೆಚ್ಚಿನದು ಇವರು ಅಪ್ಪನಿಗೆ ಹೇಳದೆ ತುಂಬುತ್ತಿದ್ದ ಸೊಸೈಟಿ ಸಾಲದ ಕಂತು. ಆ ಭೇಟಿ ಒಂದೂಮುಕ್ಕಾಲು ತಾಸು ನಡೆಯಿತು.

ಏಪ್ರಿಲ್ ಮೊದಲ ವಾರ ಮತ್ತೆ ಬಂದರು. ವರ್ಷದ ದಿನಗಳು 176ಕ್ಕೆ ನಿಂತಿದ್ದವು. ಪಿಎಚ್‌ಕ್ಯೂ-9ರಲ್ಲಿ 4. ನೋಟ್‌ಬುಕ್‌ನಲ್ಲಿ 13 ಕೆಲಸ. 570ಕ್ಕೆ ಅರ್ಜಿ ಹಾಕಿಲ್ಲ, ಅನುಭವ ಖಚಿತಪಡಿಸಬೇಕಾದ ಹಳೆಯ ಮೇಲ್ವಿಚಾರಕರು ಇನ್ನೂ ಉತ್ತರಿಸಿಲ್ಲ. ಹೊಸ ರೆಸ್ಯೂಮೆ ನೋಡಿ ಮಂಗಳೂರಿನ ಒಬ್ಬ ಶಟ್‌ಡೌನ್ ಕಾಂಟ್ರಾಕ್ಟರ್ ಫೋನ್ ಮಾಡಿದ್ದರಂತೆ, ಇವರು ಒಪ್ಪಿಕೊಂಡಿಲ್ಲ, ಬಿಟ್ಟೂ ಇಲ್ಲ. ಆ ದಿನ ಕೇಳಲು ಬಂದದ್ದು ಬೇರೆ: ಮೇ 27ಕ್ಕೆ ಇಳಿದರೆ ಅಡಿಕೆಯ ಕೊಳೆ ರೋಗಕ್ಕೆ ಮಳೆಗೆ ಮೊದಲು ಮದ್ದು ಹೊಡೆಯಲು ತಾನೇ ಇರುತ್ತೇನೆ, ನಲವತ್ತು ದಿನದ ಮೇಲಿನ ಎರಡನೇ ಸಲಕ್ಕೆ ಜುಲೈ ನಡುವೆ ಪ್ಲಾಟ್‌ಫಾರ್ಮ್‌ನಲ್ಲಿ. ಆಗ ಅಪ್ಪ ತಾನೇ ತೋಟಕ್ಕೆ ಇಳಿಯುತ್ತಾರೆ. ಹೇಗೆ ತಡೆಯುವುದು? ಮೇ ತಿಂಗಳಲ್ಲೇ ಕೊನೆಗೌಡನಿಗೆ (ಮರ ಹತ್ತಿ ಮದ್ದು ಹೊಡೆಯುವವನಿಗೆ) ಎರಡೂ ಸಲದ ಮುಂಗಡ ಕೊಟ್ಟು, ದಿನವನ್ನು ಅಪ್ಪನ ಎದುರಿಗೇ ಗೊತ್ತುಮಾಡಿಕೊಳ್ಳಿ ಎಂದು ಹೇಳಲಾಯಿತು.