ಪಕ್ಷಗಳಿಗೆ ಬರುವ ಹಣದ ಲೆಕ್ಕವನ್ನು ಸಾಮಾನ್ಯ ಮತದಾರ ಕೇಳಬಹುದೇ? ಕೇಳಿದರೆ ಏನಾದರೂ ಬದಲಾಗುತ್ತದೆಯೇ? ಎಲ್ಲ ಪಕ್ಷಗಳೂ ಒಂದೇ ಆಗಿರುವಾಗ ಹೋರಾಡಿ ಏನು ಪ್ರಯೋಜನ?

ಕೇಳಬಹುದು, ಬದಲಾಗಿಯೂ ಇದೆ. ಆದರೆ ನಿಮ್ಮ ಪ್ರಶ್ನೆಯ ಕೊನೆಯಲ್ಲಿರುವ ‘ಎಲ್ಲ ಪಕ್ಷಗಳೂ ಒಂದೇ ಆಗಿರುವಾಗ ಹೋರಾಡಿ ಏನು ಪ್ರಯೋಜನ’ ಎಂಬ ಮಾತು ಅರ್ಧ ಮಾತ್ರ ನಿಜ. ದೇಣಿಗೆಯ ವಿಷಯದಲ್ಲಿ ಪಕ್ಷಗಳು ಬಹುಮಟ್ಟಿಗೆ ಒಂದೇ ಎಂಬುದನ್ನು ಒಪ್ಪುತ್ತೇನೆ. ಹಾಗಿದ್ದೂ, ಪ್ರಾಮಾಣಿಕರಾಗಿರಿ ಎಂದು ಪಕ್ಷಗಳನ್ನು ಬೇಡಿಕೊಳ್ಳುವುದನ್ನು ಬಿಟ್ಟು, ಇಂಥ ಕಾಗದವನ್ನು ಜನರ ಮುಂದಿಡಿ ಎಂದು ಪಟ್ಟು ಹಿಡಿದವರು ಹಲವು ಬಾರಿ ಗೆದ್ದಿದ್ದಾರೆ.

ಮೊದಲು ನನ್ನದೇ ಒಂದು ಅನುಭವ ಹೇಳುತ್ತೇನೆ. ಫಲಿತಾಂಶ ಘೋಷಣೆಯಾದ 30 ದಿನಗಳೊಳಗೆ ಪ್ರತಿಯೊಬ್ಬ ಅಭ್ಯರ್ಥಿಯೂ ಜಿಲ್ಲಾ ಚುನಾವಣಾಧಿಕಾರಿಗೆ ಖರ್ಚಿನ ಲೆಕ್ಕ ಒಪ್ಪಿಸಬೇಕು. 1961ರ ಚುನಾವಣಾ ನಿಯಮಗಳ 88ನೇ ನಿಯಮದ ಪ್ರಕಾರ ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಅದನ್ನು ಪರಿಶೀಲಿಸಬಹುದು. 2023ರ ವಿಧಾನಸಭಾ ಚುನಾವಣೆಯ ನಂತರ ನಾನೂ ನನ್ನ ಗೆಳೆಯರೊಬ್ಬರೂ ಹೀಗೆ ಒಬ್ಬ ಅಭ್ಯರ್ಥಿಯ ಲೆಕ್ಕದ ಪುಸ್ತಕವನ್ನು ನೋಡಲು ಹೋದೆವು. ದಿನವಹಿ ಖರ್ಚಿಗೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿನ ವಹಿವಾಟಿಗೆ ಹಳದಿ. ನಾವೇ ಹಿಂದಿನ ಸಾಲಿನಲ್ಲಿ ನಿಂತು ನೋಡಿದ್ದ ಬಹಿರಂಗ ಸಭೆಯೊಂದರ ಶಾಮಿಯಾನ, ಬಾಡಿಗೆ ಕುರ್ಚಿ, ಧ್ವನಿವರ್ಧಕ, ಚಹಾ ಎಲ್ಲವೂ ಬಿಳಿ ಹಾಳೆಯಲ್ಲಿ ಅಚ್ಚುಕಟ್ಟಾಗಿ ದಾಖಲಾಗಿದ್ದವು. ಆದರೆ ಆ ದಿನ ಜನರ ಅರ್ಧದಷ್ಟು ಗಮನವನ್ನು ಸೆಳೆದಿದ್ದ ಹೆಲಿಕಾಪ್ಟರಿನ ಸುಳಿವೇ ಅದರಲ್ಲಿ ಇರಲಿಲ್ಲ. ಕಳ್ಳಲೆಕ್ಕ ಸಿಕ್ಕಿತೆಂದು ನಾನು ಉತ್ಸಾಹದಿಂದ ಎದ್ದು ನಿಂತಾಗ, ಅಲ್ಲಿದ್ದ ಗುಮಾಸ್ತರು ಜನಪ್ರತಿನಿಧಿ ಕಾಯ್ದೆಯ 77ನೇ ಕಲಮನ್ನು ತೆರೆದು ನನ್ನ ಮುಂದೆ ಹಿಡಿದರು. ತಾರಾ ಪ್ರಚಾರಕರು, ಅಂದರೆ ಪಕ್ಷವೇ ಹೆಸರಿಸಿದ ಪ್ರಮುಖ ನಾಯಕರು, ಪಕ್ಷದ ಪ್ರಚಾರಕ್ಕಾಗಿ ಮಾಡುವ ಪ್ರಯಾಣದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ ದೊಡ್ಡ ರಾಜ್ಯಗಳಲ್ಲಿ 95 ಲಕ್ಷ ರೂಪಾಯಿ ಎಂಬ ಮಿತಿ ಇರುವುದು ಅಭ್ಯರ್ಥಿಗೆ. ಅವರನ್ನು ಕಣಕ್ಕಿಳಿಸಿದ ಪಕ್ಷದ ಖರ್ಚಿಗೆ ಯಾವ ಮಿತಿಯೂ ಇಲ್ಲ.

ಈ ಕಿಂಡಿ ಹೇಗೆ ತೆರೆದುಕೊಂಡಿತೆಂಬುದನ್ನು ತಿಳಿದರೆ ನಾಗರಿಕರ ಹೋರಾಟದ ಸ್ವರೂಪ ಅರ್ಥವಾಗುತ್ತದೆ. ಅಭ್ಯರ್ಥಿಯ ಗೆಲುವಿಗಾಗಿ ಪಕ್ಷ ಮಾಡಿದ ಖರ್ಚೂ ಅಭ್ಯರ್ಥಿಯದ್ದೇ ಎಂದು 1974ರ ಅಕ್ಟೋಬರಿನಲ್ಲಿ ಕನ್ವರ್‌ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದೇ ತಿಂಗಳು ಸುಗ್ರೀವಾಜ್ಞೆ ಹೊರಡಿಸಿ, ಪಕ್ಷದ ಖರ್ಚನ್ನು ಅಭ್ಯರ್ಥಿಯ ಲೆಕ್ಕದಿಂದ ಹೊರಗಿಟ್ಟು ಆ ತೀರ್ಪಿನ ಹಲ್ಲು ಕೀಳಲಾಯಿತು. 2003ರಲ್ಲಿ ವಿನಾಯಿತಿಯನ್ನು ಒಂದಿಷ್ಟು ಕಿರಿದುಗೊಳಿಸಿದರೂ ಹೆಲಿಕಾಪ್ಟರ್ ಮಾತ್ರ ಹೊರಗೇ ಉಳಿಯಿತು.

ಇದೇ ಆಟ ಅಭ್ಯರ್ಥಿಗಳು ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರದ (ಅಫಿಡವಿಟ್) ವಿಷಯದಲ್ಲೂ ನಡೆಯಿತು. 1999ರಲ್ಲಿ ಅಹಮದಾಬಾದಿನ ಐಐಎಂನ ಕೆಲವು ಪ್ರಾಧ್ಯಾಪಕರು ಸೇರಿ ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಎಂದು ಈಗ ಹೆಸರಾಗಿರುವ ಸಂಸ್ಥೆಯನ್ನು ಕಟ್ಟಿ, ಅಭ್ಯರ್ಥಿಗಳ ಮೇಲಿನ ಕ್ರಿಮಿನಲ್ ಪ್ರಕರಣಗಳನ್ನು ಬಹಿರಂಗಪಡಿಸಬೇಕೆಂದು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದರು. ಆಸ್ತಿ, ಸಾಲ, ವಿದ್ಯಾರ್ಹತೆ, ಪ್ರಕರಣಗಳ ವಿವರವನ್ನು ಪಡೆಯುವುದು ಮತದಾರನ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರ ಮೇ ತಿಂಗಳಲ್ಲಿ ಹೇಳಿದಾಗ, ಬೇರೆ ಯಾವ ವಿಷಯಕ್ಕೂ ಒಂದಾಗದ ಪಕ್ಷಗಳು ಇದಕ್ಕೆ ಒಂದಾದವು; ನ್ಯಾಯಾಲಯ ಏನೇ ಹೇಳಿದ್ದರೂ ಕಾಯ್ದೆ ಕೇಳದ ವಿವರವನ್ನು ಕೊಡಬೇಕಾಗಿಲ್ಲ ಎಂಬ 33ಬಿ ಕಲಮನ್ನೇ ಕಾಯ್ದೆಗೆ ಸೇರಿಸಲಾಯಿತು. ಹೋರಾಟಗಾರರು ಮತ್ತೆ ಕೋರ್ಟಿಗೆ ಹೋದರು, ಮತ್ತು 2003ರ ಮಾರ್ಚ್‌ನಲ್ಲಿ ಆ ಕಲಮು ರದ್ದಾಯಿತು. ಇಂದು ನಾಮಪತ್ರ ಸಲ್ಲಿಕೆಯಾದ ಮರುದಿನ ಪತ್ರಿಕೆಗಳಲ್ಲಿ ನಾವು ಓದುವ ‘ಯಾರ ಆಸ್ತಿ ಎಷ್ಟು’ ಎಂಬ ಸುದ್ದಿಯ ಹಿಂದೆ ಈ ಕಥೆಯಿದೆ.

ಚುನಾವಣಾ ಬಾಂಡ್ ನಿಮಗೆ ಗೊತ್ತೇ ಇರುತ್ತದೆ. 2018ರ ಜನವರಿಯಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಸ್ಟೇಟ್ ಬ್ಯಾಂಕ್ ಶಾಖೆಯಿಂದ ಸಾವಿರ ರೂಪಾಯಿಯಿಂದ ಒಂದು ಕೋಟಿಯವರೆಗಿನ ಬಾಂಡ್ ಕೊಂಡು, ಹೆಸರು ಹೊರಬೀಳದಂತೆ ಪಕ್ಷಕ್ಕೆ ಕೊಡಬಹುದಾಗಿತ್ತು. ಅದಕ್ಕಿಂತ ಕಡಿಮೆ ಚರ್ಚೆಯಾದ, ನನ್ನ ದೃಷ್ಟಿಯಲ್ಲಿ ಅಷ್ಟೇ ಅಪಾಯಕಾರಿಯಾದ ಬದಲಾವಣೆ ಇನ್ನೊಂದಿತ್ತು: ಕಂಪನಿಯೊಂದು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ಕ್ಕಿಂತ ಹೆಚ್ಚು ದೇಣಿಗೆ ಕೊಡಬಾರದೆಂಬ ಮಿತಿಯನ್ನು 2017ರಲ್ಲಿ ತೆಗೆದುಹಾಕಿದ್ದರಿಂದ, ನಷ್ಟದಲ್ಲಿರುವ ಕಂಪನಿಯೂ ದಾನಿಯಾಗಬಹುದಾಯಿತು. ಲಾಭವೇ ಇಲ್ಲದವನ ದಾನ ಯಾರ ಹಣ ಎಂದು ಕೇಳಲು ಅರ್ಥಶಾಸ್ತ್ರ ಓದಿರಬೇಕಾಗಿಲ್ಲ. 2024ರ ಫೆಬ್ರವರಿ 15ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಎರಡನ್ನೂ ಅಸಾಂವಿಧಾನಿಕ ಎಂದಿತು. ಬಾಂಡ್‌ಗಳ ವಿವರ ಒಪ್ಪಿಸಲು ಬ್ಯಾಂಕು ಜೂನ್ 30ರವರೆಗೆ ಸಮಯ ಕೇಳಿದರೂ ನ್ಯಾಯಾಲಯ ಒಪ್ಪದಿದ್ದುದರಿಂದ ಮಾರ್ಚ್‌ನಲ್ಲಿಯೇ ಪಟ್ಟಿ ಹೊರಬಂತು. ಅದೂ 2019ರ ಏಪ್ರಿಲ್ 12ರಿಂದ ಈಚಿನ ಬಾಂಡ್‌ಗಳದ್ದು ಮಾತ್ರ. ಬಾಂಡ್‌ಗೆ ದಾರಿ ಮಾಡಿಕೊಟ್ಟ ಕಾಯ್ದೆ ತಿದ್ದುಪಡಿಗಳ ವಿರುದ್ಧ ಅರ್ಜಿ ಸಲ್ಲಿಕೆಯಾದದ್ದು 2017ರಲ್ಲಿ ಎಂಬುದನ್ನು ನೆನಪಿಟ್ಟುಕೊಂಡರೆ, ತೀರ್ಪಿಗೆ ಮುನ್ನ ಎಷ್ಟು ಚುನಾವಣೆಗಳು ಮುಗಿದುಹೋದವು ಎಂಬ ಬೇಸರ ನನಗೆ ಇಂದಿಗೂ ಇದೆ.

ಇನ್ನು ಉಳಿದದ್ದು. 20,000 ರೂಪಾಯಿ ಮೀರದ ದೇಣಿಗೆ ಕೊಟ್ಟವರ ಹೆಸರನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ತಿಳಿಸಬೇಕಾಗಿಲ್ಲ. ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆಂದು ಕೇಂದ್ರ ಮಾಹಿತಿ ಆಯೋಗ 2013ರ ಜೂನ್‌ನಲ್ಲಿಯೇ ಆದೇಶಿಸಿದರೂ ಪಕ್ಷಗಳು ಅದನ್ನು ಪಾಲಿಸಲಿಲ್ಲ.

ನೀವು ಏನು ಮಾಡಬಹುದು ಎಂದರೆ, ಎಲ್ಲ ಸುಧಾರಣೆಗಳನ್ನೂ ಒಂದೇ ಮನವಿಯಲ್ಲಿ ತುಂಬಬೇಡಿ. ಅಂಥ ಮನವಿಗೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಸುಲಭ. ಒಂದೇ ಬೇಡಿಕೆಯನ್ನು ಆರಿಸಿಕೊಳ್ಳಿ. ನಾನಾಗಿದ್ದರೆ ಪಕ್ಷದ ಖರ್ಚಿಗೂ ಮಿತಿ ಹಾಕುವುದನ್ನು ಆರಿಸಿ, ಎಲ್ಲ ಪಕ್ಷಗಳ ಅಭ್ಯರ್ಥಿಗಳಿಂದಲೂ ಅದರ ಬಗ್ಗೆ ಲಿಖಿತ ಉತ್ತರ ಕೇಳುತ್ತೇನೆ. ಅದಕ್ಕೂ ಮುಂಚೆ, ಮುಂದಿನ ಚುನಾವಣೆ ಮುಗಿದ ಮೇಲೆ ನಿಮ್ಮ ಕ್ಷೇತ್ರದ ಒಬ್ಬ ಅಭ್ಯರ್ಥಿಯ ಲೆಕ್ಕವನ್ನಾದರೂ ಕಣ್ಣಾರೆ ನೋಡಿ ಬನ್ನಿ. ಹೋಗುವಾಗ ಅರ್ಜಿಯಲ್ಲಿ 88ನೇ ನಿಯಮವನ್ನು ಸಂಖ್ಯೆ ಸಮೇತ ಬರೆಯಿರಿ. ನಾನು ಮೊದಲ ದಿನ ಅದನ್ನು ಬರೆಯದೆ ಹೋಗಿದ್ದೆ. ಯಾವ ಅಧಿಕಾರದಿಂದ ಕೇಳುತ್ತಿದ್ದೀರಿ ಎಂಬ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಬಂದ ದಾರಿಯಲ್ಲೇ ಹಿಂದಿರುಗಿದ್ದೆ.