ಆರೋಗ್ಯ ಪ್ರಶ್ನೋತ್ತರ: ಹಾಡಿಯ ಮಗುವಿಗೆ ಬರೀ ರಕ್ತ ಕಮ್ಮಿಯಲ್ಲ

ಪ್ರಶ್ನೆ: ನಮ್ಮ ಹಾಡಿಯ ಏಳು ವರ್ಷದ ಹುಡುಗಿಗೆ ಪದೇ ಪದೇ ಕೈಕಾಲು ನೋವು, ಕಣ್ಣು ಹಳದಿ. ರಕ್ತ ಕಮ್ಮಿ ಎಂದು ಎರಡು ವರ್ಷದಿಂದ ಕಬ್ಬಿಣಾಂಶದ ಮಾತ್ರೆ ನುಂಗಿಸುತ್ತಿದ್ದಾರೆ. ಮೊನ್ನೆ ಕ್ಯಾಂಪಿನಲ್ಲಿ ಸಿಕಲ್ ಸೆಲ್ ಪಾಸಿಟಿವ್ ಬಂತು. ಅಪ್ಪ ಅಮ್ಮ ಗಟ್ಟಿಮುಟ್ಟಾಗಿದ್ದಾರೆ. ಇದು ನಮ್ಮ ಬುಡಕಟ್ಟು ಜನಕ್ಕೇ ಯಾಕೆ ಬರುತ್ತೆ? ಮುಂದೇನು ಮಾಡಬೇಕು?
– ಆಶಾ ಕಾರ್ಯಕರ್ತೆ, ಎಚ್.ಡಿ. ಕೋಟೆ ತಾಲ್ಲೂಕು

ಉತ್ತರ: ಸಿಕಲ್ ಸೆಲ್ ಎಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ, ಅಪ್ಪ ಅಮ್ಮನಿಂದ ಬರುವ ಕಾಯಿಲೆ. ಕ್ಯಾಂಪಿನ ಪಾಸಿಟಿವ್ ಅರ್ಧ ಉತ್ತರ ಮಾತ್ರ. ಅಲ್ಲಿ ಕೊಳವೆಯ ದ್ರಾವಣಕ್ಕೆ ಚೂರು ರಕ್ತ ಹಾಕಿ, ಹಿಂದೆ ಹಿಡಿದ ಕಪ್ಪು ಗೆರೆ ಕಾಣುತ್ತದೆಯೇ ಎಂದು ನೋಡುತ್ತಾರೆ. ದ್ರಾವಣ ಮಬ್ಬಾಗಿ ಗೆರೆ ಮರೆಯಾದರೆ ಕಣವನ್ನು ಬಾಗಿಸುವ ಎಸ್ ಹಿಮೋಗ್ಲೋಬಿನ್ (ರಕ್ತದ ಕೆಂಪು ವಸ್ತುವಿನ ಒಂದು ಬಗೆ) ಇದೆ ಎಂದರ್ಥ. ಅದು ಅಪ್ಪ ಅಮ್ಮರಲ್ಲಿ ಒಬ್ಬರಿಂದ ಬಂದದ್ದೋ ಇಬ್ಬರಿಂದಲೋ ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ: ಎಎಸ್ ಎಂದರೆ ಒಬ್ಬರಿಂದ ಬಂದದ್ದು, ಅಂಥವರು ವಾಹಕರು, ಎಸ್‌ಎಸ್ ಎಂದರೆ ಇಬ್ಬರಿಂದಲೂ ಬಂದದ್ದು, ಅದು ಕಾಯಿಲೆ. ಹಿಂದಿನ ಮೂರು ತಿಂಗಳಲ್ಲಿ ಮಗುವಿಗೆ ರಕ್ತ ಹಾಕಿಸಿದ್ದರೆ ಮೊದಲೇ ತಿಳಿಸಿ. ಕೊಟ್ಟವರ ರಕ್ತವೂ ಸೇರಿ ವರದಿ ತಪ್ಪುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಕೊಳವೆ ಪರೀಕ್ಷೆ ನಂಬುವಂತಿಲ್ಲ.

ಅಪ್ಪ ಅಮ್ಮ ಇಬ್ಬರೂ ಎಎಸ್ ಆಗಿದ್ದರೆ ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಆದರೆ ಪ್ರತಿ ಬಸಿರಿನಲ್ಲೂ ಮಗು ಎಸ್‌ಎಸ್ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹುಡುಗಿಯ ಅಣ್ಣತಮ್ಮ, ಅಕ್ಕತಂಗಿಯರನ್ನೂ ಪರೀಕ್ಷೆ ಮಾಡಿಸಿ.

ನಿಮ್ಮ ಜನಕ್ಕೇ ಯಾಕೆ ಎಂದರೆ, ಒಂದೇ ಎಸ್ ಇರುವ ಮಕ್ಕಳನ್ನು ಮಾರಣಾಂತಿಕ ಮಲೇರಿಯಾ ಅಷ್ಟಾಗಿ ಕಾಡುವುದಿಲ್ಲ. ಹಾಗಾಗಿ ಮಲೇರಿಯಾ ಇದ್ದ ಕಾಡಂಚಿನಲ್ಲಿ ಆ ಗುಣ ಉಳಿಯಿತು, ಒಳಗೊಳಗೇ ಮದುವೆಯಾದಾಗ ಇಮ್ಮಡಿಸಿತು. ಭಾರತದಲ್ಲಿ ಇದು ಮೊದಲು ದಾಖಲಾದದ್ದು 1952ರಲ್ಲಿ, ನೀಲಗಿರಿ ಬೆಟ್ಟದ ಜನರಲ್ಲಿ. ಬೇರೆ ಜಾತಿಗಳಲ್ಲೂ ಇದೆ. ಆದರೆ ಮಗು ಎರಡು ವರ್ಷ ತಪ್ಪು ಮಾತ್ರೆ ನುಂಗಿದ್ದಕ್ಕೆ ರಕ್ತದ ಗುಣ ಕಾರಣವಲ್ಲ. ಪರೀಕ್ಷೆ ದೂರದ ಆಸ್ಪತ್ರೆಯಲ್ಲಿ, ಹೋಗಿಬರಲು ಒಂದು ದಿನದ ಕೂಲಿ ಖೋತಾ. ಇದು ಸರಿಹೋಗಲೇಬೇಕು.

ಆ ಕಬ್ಬಿಣಾಂಶದ ಮಾತ್ರೆ ಯಾಕೆ ಬೇಡ? ಕೆಂಪು ರಕ್ತಕಣ ಸಾಮಾನ್ಯವಾಗಿ 120 ದಿನ ಬಾಳುತ್ತದೆ, ಕುಡುಗೋಲಿನಂತೆ ಬಾಗಿದ ಕಣ 10–20 ದಿನಕ್ಕೇ ಒಡೆಯುತ್ತದೆ. ಕಣ್ಣು ಹಳದಿಯಾಗುವುದೂ ಇದರಿಂದಲೇ. ಒಡೆದ ಕಣದ ಕಬ್ಬಿಣ ಮೈಯಲ್ಲೇ ಉಳಿಯುತ್ತದೆ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ಹೇಳುವ ಫೆರಿಟಿನ್ ಪರೀಕ್ಷೆಯಲ್ಲಿ ಕೊರತೆ ಕಂಡರಷ್ಟೇ ಕಬ್ಬಿಣ ಕೊಡಬೇಕು. ಫೋಲಿಕ್ ಆಮ್ಲ ಕೊಡಬಹುದು.

ಎಸ್‌ಎಸ್ ಖಚಿತವಾದರೆ ನೋವು ಮರುಕಳಿಸುವುದನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಔಷಧದ ಬಗ್ಗೆ ವೈದ್ಯರನ್ನು ಕೇಳಿ. ಸಾಮಾನ್ಯವಾಗಿ ದಿನಕ್ಕೆ ಕಿಲೋ ತೂಕಕ್ಕೆ 10–15 ಮಿಲಿಗ್ರಾಂನಿಂದ ಶುರು. 18 ಕಿಲೋ ಮಗುವಿಗೆ ಅದು 180–270 ಮಿಲಿಗ್ರಾಂ, ಅಂದರೆ 500 ಮಿಲಿಗ್ರಾಂನ ಇಡೀ ಕ್ಯಾಪ್ಸೂಲ್ ಕೊಟ್ಟರೆ ಜಾಸ್ತಿಯಾಯಿತು. ಮನೆಯಲ್ಲಿ ಬಿಚ್ಚಿ ಹಂಚುವುದು ಬೇಡ, ಸಣ್ಣ ಪ್ರಮಾಣದ್ದೇ ಬರೆಸಿಕೊಳ್ಳಿ. ಗುಣ ಕಾಣಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿ: ನೋವು ನಿಂತಿತೆಂದು ಮಾತ್ರೆ ಬಿಡುತ್ತಾರೆ, ಅಥವಾ ರಕ್ತಕಣಗಳ ಎಣಿಕೆ ಮಾಡಿಸದೆ ಮುಂದುವರಿಸುತ್ತಾರೆ. ಬಿಳಿಕಣ ಕುಸಿದರೆ ಸೋಂಕಿನ ಅಪಾಯವಿದೆ, ಆದ್ದರಿಂದ ಶುರುವಿನಲ್ಲಿ ತಿಂಗಳಿಗೊಮ್ಮೆಯಾದರೂ ಎಣಿಕೆ ಬೇಕೇ ಬೇಕು.

ತಾಯಿಗೆ ಎಡಪಕ್ಕೆಯ ಕೆಳಗೆ ಬೆರಳಿಟ್ಟು ಮಗುವಿನ ಗುಲ್ಮ (ಸ್ಪ್ಲೀನ್) ಮುಟ್ಟಿನೋಡುವುದನ್ನು ಕಲಿಸಿ. ಅದು ದಿಢೀರನೆ ಊದಿ ಮಗು ಬಿಳಿಚಿಕೊಂಡರೆ, ಜ್ವರ 101 ಡಿಗ್ರಿ ದಾಟಿದರೆ, ಉಸಿರು ಕಟ್ಟಿದರೆ, ಒಂದು ಕೈ ಸೋತರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲಿ ಬಿಡಬೇಡಿ. ಶಾಲೆಯಲ್ಲಿ ಆಗಾಗ ನೀರು ಕುಡಿಸಲು ಮೇಷ್ಟ್ರಿಗೆ ಹೇಳಿ.

ಪ್ರಶ್ನೆ: ನಾನು ಎಎಸ್. ಮದುವೆಯಾಗಬಹುದೇ?
– ಓದುಗರು, ಚಾಮರಾಜನಗರ ಜಿಲ್ಲೆ

ಉತ್ತರ: ಖಂಡಿತ. ನಿಮಗೆ ಕಾಯಿಲೆಯಿಲ್ಲ. ಹುಡುಗನೂ ಪರೀಕ್ಷೆ ಮಾಡಿಸಿಕೊಳ್ಳಲಿ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಮಿಷನ್‌ನಲ್ಲಿ ಬುಡಕಟ್ಟು ಪ್ರದೇಶಗಳ 40 ವರ್ಷದವರೆಗಿನವರಿಗೆ ತಪಾಸಣೆಯಿದೆ. ಇಬ್ಬರೂ ಎಎಸ್ ಆಗಿದ್ದರೆ, ಮುಟ್ಟು ನಿಂತ ಕೂಡಲೇ ವೈದ್ಯರನ್ನು ಕಾಣಿ. ಗರ್ಭದಲ್ಲಿರುವ ಮಗುವಿನ ಪರೀಕ್ಷೆಗೆ ಮಾಸಿನ ಚೂರು ತೆಗೆಯುವುದು ಸಾಮಾನ್ಯವಾಗಿ 10ರಿಂದ 13ನೇ ವಾರದೊಳಗೆ. ನಾಲ್ಕನೇ ತಿಂಗಳು ದಾಟಿದ ಮೇಲೆ ತಾಯಿಕಾರ್ಡು ಮಾಡಿಸಲು ಹೋದರೆ ಆ ಅವಕಾಶ ಕಳೆದಿರುತ್ತದೆ.