ಎಲ್‌ಇಡಿ ಬಲ್ಬಿಗೆ ದಂಡ, ಕಬ್ಬಿನ ಟ್ರ್ಯಾಕ್ಟರಿಗೆ ವಿನಾಯಿತಿಯೇ?

ಮುಧೋಳ ತಾಲ್ಲೂಕಿನ ಓದುಗರೇ,

ನಿಮ್ಮ ದೀರ್ಘ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಇತರ ಓದುಗರಿಗೂ ತಿಳಿಯಲೆಂದು ಅವನ್ನು ಮೊದಲು ಸಂಕ್ಷೇಪವಾಗಿ ಹೇಳುತ್ತೇವೆ. ಹಳೆಯ ಕಾರಿನ ಹೆಡ್‌ಲೈಟುಗಳು ಮಂಕಾಗಿವೆಯೆಂದು ನೀವು ಎಲ್‌ಇಡಿ ಬಲ್ಬುಗಳನ್ನು ಹಾಕಿಸಿಕೊಂಡಿರಿ. ರಾತ್ರಿ ತಪಾಸಣೆಯಲ್ಲಿ ಪೊಲೀಸರು ದಂಡ ಹಾಕಿದರು. ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವ, ಜಿಎಸ್‌ಟಿ ರಸೀದಿಯೂ ಸಿಗುವ ವಸ್ತು ಕಾನೂನುಬಾಹಿರ ಆಗುವುದು ಹೇಗೆ ಎಂಬುದು ಮೊದಲ ಪ್ರಶ್ನೆ. ಕಂಪನಿಗಳೇ ಎಲ್‌ಇಡಿ ದೀಪದ ಕಾರುಗಳನ್ನು ಮಾರುತ್ತಿರುವಾಗ ನಿಮಗೆ ಮಾತ್ರ ದಂಡವೇಕೆ ಎಂಬುದು ಎರಡನೆಯದು. ಅದೇ ರಸ್ತೆಯಲ್ಲಿ ಹಿಂದಿನ ಕೆಂಪು ದೀಪವಿಲ್ಲದೆ, ರಿಫ್ಲೆಕ್ಟರ್ ಇಲ್ಲದೆ ಎರಡೆರಡು ಟ್ರೇಲರ್ ಕಬ್ಬು ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳನ್ನು ಯಾರೂ ತಡೆಯುವುದಿಲ್ಲವಲ್ಲ ಎಂಬುದು ಮೂರನೆಯದು. ಪತ್ರದ ಸಿಟ್ಟೆಲ್ಲ ಇರುವುದು ಇಲ್ಲಿಯೇ.

ಅಂಗಡಿಯವರು ಕೊಟ್ಟ ರಸೀದಿ ನೀವು ಹಣ ಕೊಟ್ಟು ವಸ್ತುವನ್ನು ಕೊಂಡಿದ್ದೀರಿ ಎಂಬುದಕ್ಕಷ್ಟೇ ಪುರಾವೆ. ರಸ್ತೆಯಲ್ಲಿ ಕಾನೂನು ಕೇಳುವುದು ಬಲ್ಬನ್ನು ಎಲ್ಲಿ ಕೊಂಡಿರಿ ಎಂದಲ್ಲ, ನಿಮ್ಮ ಬೆಳಕು ಎಲ್ಲಿಗೆ ಬೀಳುತ್ತದೆ ಎಂದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೆಯ ನಿಯಮದ ಪ್ರಕಾರ ಹೆಡ್‌ಲೈಟು 155 ಮೀಟರ್ ಮುಂದಿರುವ ಜನರನ್ನೂ ವಾಹನಗಳನ್ನೂ ಸ್ಪಷ್ಟವಾಗಿ ಕಾಣಿಸಬೇಕು. ಚಾಲಕರಿಗೆಲ್ಲ ನೆನಪಿರುವುದು ಇದೊಂದೇ ಅಗತ್ಯ. ಅದರ ಬೆನ್ನಿಗೇ ಇರುವ 106ನೆಯ ನಿಯಮವನ್ನು ಓದಿದವರು ಕಡಿಮೆ. ವಾಹನದ ಮುಂದೆ 8 ಮೀಟರ್ ದೂರದಲ್ಲಿ, ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣನ್ನು ಕೋರೈಸದಂತೆ ಬೆಳಕು ಕೆಳಮುಖವಾಗಿರಬೇಕು ಎಂದು ಅದು ಹೇಳುತ್ತದೆ. ಎಡಬದಿಯಲ್ಲಿ ಓಡಾಡುವ ನಮ್ಮ ರಸ್ತೆಗಳಲ್ಲಿ ಆ ಜಾಗದಲ್ಲಿ ಬರುವವರು ಯಾರೆಂದು ಯೋಚಿಸಿ ನೋಡಿ: ಎದುರಿನಿಂದ ಬರುವ ಬೈಕ್ ಸವಾರ. ಅಂದರೆ ನಿಮ್ಮ ದೀಪದ ಅಳತೆಯನ್ನು ನಿಯಮ ತೆಗೆದುಕೊಂಡಿರುವುದು ನಿಮ್ಮ ಸೀಟಿನಲ್ಲಿ ಕುಳಿತಲ್ಲ, ಅವನ ಕಣ್ಣಿನಲ್ಲಿ ನಿಂತು.

ಇನ್ನು ಎಲ್‌ಇಡಿ ಎಂಬ ಕಾರಣಕ್ಕೇ ದಂಡ ಬಿದ್ದಿತೆಂದು ನೀವು ತಿಳಿದಿದ್ದರೆ ಅದು ಅರ್ಧ ಸತ್ಯ. ಹಳೆಯ ಕಾರುಗಳಲ್ಲಿರುವ ಎಚ್4 ಹ್ಯಾಲೊಜೆನ್ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಗಾಜಿನೊಳಗೆ ಎರಡು ತಂತಿಗಳಿರುತ್ತವೆ, ಡಿಮ್‌ನ ತಂತಿಯ ಅಡಿಯಲ್ಲಿ ಒಂದು ಪುಟ್ಟ ಲೋಹದ ಬಟ್ಟಲಿರುತ್ತದೆ. ಆ ಬಟ್ಟಲು ಬೆಳಕಿನ ಕೆಳ ಅರ್ಧವನ್ನು ತಡೆಯುವುದರಿಂದ ಬಲ್ಬಿನ ಹಿಂದಿರುವ ಹೊಳಪಿನ ಬೋಗುಣಿಯ ಮೇಲ್ಭಾಗಕ್ಕೆ ಮಾತ್ರ ಬೆಳಕು ಬಿದ್ದು, ಅಲ್ಲಿಂದ ರಸ್ತೆಯ ಕಡೆಗೆ ಇಳಿಯುತ್ತದೆ. ಆ ಬೋಗುಣಿಯನ್ನು ರೂಪಿಸಿರುವುದು ಆ ತಂತಿ ಇರುವ ಜಾಗಕ್ಕೆ ಸರಿಯಾಗಿ. ಅಂಗಡಿಯವನು ಅದೇ ಬೋಗುಣಿಗೆ ಎಲ್‌ಇಡಿ ತೂರಿಸಿದಾಗ ಬೆಳಕು ಹುಟ್ಟುವ ಜಾಗವೂ ಆಕಾರವೂ ಬದಲಾಗುತ್ತವೆ. ರಸ್ತೆಗೆ ಬೀಳಬೇಕಾದ ಬೆಳಕು ಮರದ ಕೊಂಬೆಗೂ ಎದುರಿನವರ ಮುಖಕ್ಕೂ ಚೆಲ್ಲಾಡುತ್ತದೆ. ನಿಮಗೆ ಬೆಳಕು ಹೆಚ್ಚಾದಂತೆ ತೋರುವುದು ಕಾರಿನ ಮೂತಿಯ ಹತ್ತಿರದ ರಸ್ತೆ ಬೆಳ್ಳಗಾಗುವುದರಿಂದ. ದೂರದ ರಸ್ತೆ ಕಾಣುವುದು ಅದರಿಂದ ಹೆಚ್ಚುವುದಿಲ್ಲ. ಕಂಪನಿಯೇ ಕೊಡುವ ಎಲ್‌ಇಡಿ ದೀಪದಲ್ಲಿ ಬಲ್ಬು, ಲೆನ್ಸು, ಬೋಗುಣಿ ಎಲ್ಲವೂ ಒಂದಕ್ಕೊಂದು ಹೊಂದುವಂತೆ ರೂಪುಗೊಂಡು, ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಪರೀಕ್ಷೆಯಾಗಿರುತ್ತವೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಷ್ಟೇ. ಹಾಗೆಂದು ಹೊಸ ಕಾರಿನವರು ಹಿಗ್ಗಬೇಕಿಲ್ಲ. ಊರೊಳಗೂ ಬ್ರೈಟ್‌ನಲ್ಲೇ ಓಡಿಸುವವರಲ್ಲಿ ಅವರ ಪಾಲು ಸಣ್ಣದೇನಲ್ಲ. ಎದುರಿನಿಂದ ವಾಹನ ಬಂದಾಗ ಮಾತ್ರವಲ್ಲ, ಮುಂದಿನ ವಾಹನದ ಬೆನ್ನ ಹಿಂದೆ ಸಾಗುವಾಗಲೂ ಡಿಮ್ ಮಾಡಬೇಕೆಂದು 2017ರ ಚಾಲನಾ ನಿಬಂಧನೆಗಳು ಹೇಳುತ್ತವೆ.

ದಂಡ ಯಾವ ಕಲಮಿನಡಿ ಎಂದು ರಸೀದಿಯಲ್ಲಿ ನೋಡಿಕೊಳ್ಳಿ. 2024ರ ಜುಲೈಯಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ನಡೆಸಿದ ಕಾರ್ಯಾಚರಣೆಯಲ್ಲಿ ಮೋಟಾರು ವಾಹನ ಕಾಯ್ದೆಯ 177ನೆಯ ಕಲಮನ್ನು, ಅಂದರೆ ಬೇರೆ ದಂಡ ಹೇಳಿರದ ನಿಯಮಭಂಗಗಳಿಗೆಲ್ಲ ಅನ್ವಯಿಸುವ ಸಾಮಾನ್ಯ ಕಲಮನ್ನು, ಬಳಸಿದ್ದರು. ನಿಮ್ಮದೂ ಹಾಗೆಯೇ ಇದ್ದರೆ ವಾದಿಸಲು ಹೆಚ್ಚಿನ ಆಸ್ಪದವಿಲ್ಲ. ವಾಹನವನ್ನು ಮಾರ್ಪಡಿಸಿದ್ದೀರೆಂದು 52ನೆಯ ಕಲಮನ್ನು ಹೇರಿದ್ದರೆ ಮಾತು ಬೇರೆ. ಆ ಕಲಂ ಮುಖ್ಯವಾಗಿ ಆರ್‌ಸಿಯಲ್ಲಿ ನಮೂದಾದ ವಿವರಗಳನ್ನು ಕುರಿತದ್ದು, ಆರ್‌ಸಿಯಲ್ಲಿ ಬಲ್ಬಿನ ಪ್ರಸ್ತಾಪವೇ ಇರುವುದಿಲ್ಲವಾದ್ದರಿಂದ ವಕೀಲರೊಬ್ಬರ ಸಲಹೆ ಪಡೆಯುವುದು ಸೂಕ್ತ. ಬಂಪರ್ ಮೇಲೆ ಹೆಚ್ಚುವರಿ ಸ್ಪಾಟ್‌ಲೈಟ್ ಕೂರಿಸುವ ಯೋಚನೆಯೂ ಇದೆ ಎಂದು ಬರೆದಿದ್ದೀರಿ. ದಯವಿಟ್ಟು ಕೈಬಿಡಿ, 111ನೆಯ ನಿಯಮ ಅದನ್ನು ಪೂರ್ವಾನುಮತಿಯಿಲ್ಲದೆ ಒಪ್ಪುವುದಿಲ್ಲ.

ಇಲ್ಲಿ ವ್ಯವಸ್ಥೆಯ ಮೇಲೊಂದು ಆಕ್ಷೇಪವನ್ನು ಹೇಳಲೇಬೇಕು. ಲಾರಿ, ಬಸ್ಸುಗಳಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ (ವಾಹನದ ಸುಸ್ಥಿತಿ ಪ್ರಮಾಣಪತ್ರ) ಆಗಬೇಕು; ಆಗ ದೀಪಗಳ ತಪಾಸಣೆಯೂ ನಡೆಯಬೇಕು. ಸ್ವಂತದ ಕಾರಿಗೆ 15 ವರ್ಷ ತುಂಬಿ ನೋಂದಣಿ ನವೀಕರಿಸುವವರೆಗೆ ಅಂಥ ಯಾವ ಕಡ್ಡಾಯ ತಪಾಸಣೆಯೂ ಇಲ್ಲ. ಹದಿನೈದು ವರ್ಷ ಯಾರೂ ನೋಡದ ದೀಪವನ್ನು ಒಂದು ರಾತ್ರಿ ರಸ್ತೆಬದಿಯಲ್ಲಿ ಕಣ್ಣಂದಾಜಿನಲ್ಲಿ ಅಳೆದು ದಂಡ ಹಾಕುವುದು ನ್ಯಾಯವಾಗಿದ್ದರೂ ಸಮರ್ಪಕ ಕ್ರಮವೆಂದು ನಮಗೆ ಅನ್ನಿಸುವುದಿಲ್ಲ.

ಕಬ್ಬಿನ ಟ್ರೇಲರುಗಳ ವಿಷಯದಲ್ಲಿ ನೀವು ಹೇಳಿರುವುದು ಪೂರ್ತಿ ಸರಿ. ಟ್ರೇಲರಿಗೆ ಇಂಜಿನ್ ಇಲ್ಲ, ಅದಕ್ಕೆಂಥ ಲೈಟು ಎಂದು ಟ್ರ್ಯಾಕ್ಟರ್ ಚಾಲಕರೊಬ್ಬರು ನಿಮಗೆ ಹೇಳಿದ್ದನ್ನು ಬರೆದಿದ್ದೀರಿ. ಕಾಯ್ದೆಯ 2(28)ನೆಯ ಕಲಮಿನಲ್ಲಿ ಮೋಟಾರು ವಾಹನ ಎಂಬುದರ ವ್ಯಾಖ್ಯೆಯಲ್ಲಿಯೇ ಟ್ರೇಲರ್ ಸೇರಿದೆ. ಹಿಂಭಾಗದ ಎರಡೂ ಬದಿಗೆ ಕೆಂಪು ರಿಫ್ಲೆಕ್ಟರ್ ಇರಬೇಕೆನ್ನುವ 104ನೆಯ ನಿಯಮವೂ ಟ್ರೇಲರುಗಳನ್ನು ಹೆಸರಿಸಿಯೇ ಹೇಳುತ್ತದೆ. ವಾಸ್ತವದಲ್ಲಿ ಆಗುವುದು ಬೇರೆ. ಟ್ರ್ಯಾಕ್ಟರಿನಿಂದ ಟ್ರೇಲರಿಗೆ ಬರುವ ವೈರು ಹೊಲದ ಗಾಡಿಜಾಡಿನಲ್ಲಿ ಹರಿದುಹೋಗಿರುತ್ತದೆ, ಎರಡನೆಯ ಟ್ರೇಲರಿಗೆ ಅದನ್ನು ಎಳೆದಿರುವುದೇ ಇಲ್ಲ. ದೀಪ ಉರಿಯುತ್ತಿದ್ದರೂ ಹಿಂದಕ್ಕೆ ಜೋತುಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ರಿಫ್ಲೆಕ್ಟರ್ ಪಟ್ಟಿಯ ಮೇಲೆ ಕೆಸರು ಮೆತ್ತಿದ್ದರೆ ಅದೂ ಇದ್ದೂ ಇಲ್ಲದಂತೆ.

ನೀವು ಬೇರೆ ಬೇರೆ ಎಂದುಕೊಂಡಿರುವ ಎರಡು ದೂರುಗಳು ಕೂಡುವುದು ಈ ರಸ್ತೆಯಲ್ಲೇ. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಡಿಮ್ ಬೆಳಕಿನಲ್ಲಿ ಸುಮಾರು 50 ಮೀಟರ್ ಮುಂದೆ ಕಪ್ಪು ಟ್ರೇಲರ್ ಕಂಡರೆ ಚಾಲಕನಿಗೆ ಉಳಿಯುವುದು ಎರಡೂಕಾಲು ಸೆಕೆಂಡು. ಆ ಹೊತ್ತಿಗೆ ಎದುರಿನಿಂದ ನಿಮ್ಮ ಕಾರು ಬಂದು ಅವನ ಕಣ್ಣು ಕತ್ತಲುಗಟ್ಟಿಸಿದರೆ ಅಷ್ಟೂ ಉಳಿಯುವುದಿಲ್ಲ. ಅವನು ಗುದ್ದುವುದು ಟ್ರೇಲರಿಗೆ. ನೀವು ಆಗಲೇ ಮುಂದೆ ಹೋಗಿರುತ್ತೀರಿ.

ಈಗ ಮಾಡಬೇಕಾದದ್ದು. ಮೊದಲಿನ ಎಚ್4 ಬಲ್ಬನ್ನೇ, 60/55 ವ್ಯಾಟಿನದ್ದನ್ನೇ ಹಾಕಿಸಿ. ಮಂಕಿಗೆ ಕಾರಣ ಸಾಮಾನ್ಯವಾಗಿ ಬಲ್ಬಲ್ಲ, ಹಳದಿಗಟ್ಟಿದ ಪ್ಲಾಸ್ಟಿಕ್ ಹೊರಕವಚ, ಅದನ್ನು ಪಾಲಿಶ್ ಮಾಡಿಸಿದರೆ ಬೆಳಕು ಮರಳುತ್ತದೆ. ಸ್ಟಿಯರಿಂಗ್ ಪಕ್ಕದಲ್ಲಿ 0ಯಿಂದ 3ರವರೆಗೆ ಅಂಕಿಗಳಿರುವ ಗುಂಡಿಯಿದ್ದರೆ, ಡಿಕ್ಕಿಯಲ್ಲಿ ಚೀಲ ಹೇರಿದಾಗ ಅದನ್ನು ತಿರುಗಿಸಿ ಬೆಳಕನ್ನು ಇಳಿಸಿ. ಇಂಡಿಕೇಟರ್ ಇದ್ದಕ್ಕಿದ್ದಂತೆ ವೇಗವಾಗಿ ಟಿಕ್‌ಟಿಕ್ ಎನ್ನುತ್ತದೆ ಎಂದೂ ಬರೆದಿದ್ದೀರಿ. ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕೆಂಬುದು ನಿಯಮ. ಅದನ್ನು ಮೀರಿದರೆ ಆ ಬದಿಯ ಒಂದು ಬಲ್ಬು ಸುಟ್ಟಿದೆ ಎಂದು ತಿಳಿಯಿರಿ.

ಟ್ರೇಲರುಗಳನ್ನು ರಸ್ತೆಯಲ್ಲಿ ಒಂದೊಂದಾಗಿ ಹಿಡಿಯುವುದು ಆಗದ ಮಾತು. ಆದರೆ ಪ್ರತಿ ಹೇರೂ ಸಕ್ಕರೆ ಕಾರ್ಖಾನೆಯ ತೂಕದ ಸೇತುವೆಯನ್ನು ಹತ್ತಲೇಬೇಕು, ಖಾಲಿಯಾಗಿ ಇಳಿಯಲೇಬೇಕು. ಖಾಲಿ ಟ್ರೇಲರ್ ಹೊರಗೆ ಹೋಗುವಾಗ ಪಟ್ಟಿ, ವೈರು, ಕೆಂಪು ದೀಪ ಮೂರನ್ನೂ ಗೇಟಿನಲ್ಲೇ ನೋಡಬೇಕೆಂದು ಹಂಗಾಮು ಶುರುವಾಗುವ ಮುಂಚೆಯೇ ಕಾರ್ಖಾನೆಗೂ ಆರ್‌ಟಿಒ ಕಚೇರಿಗೂ ಊರಿನ ನಾಲ್ಕು ಜನರ ಸಹಿಯೊಂದಿಗೆ ಅರ್ಜಿ ಕೊಡಿ. ಅರ್ಜಿಯ ಪ್ರತಿಯನ್ನೂ ಅದಕ್ಕೆ ಬಂದ ಉತ್ತರವನ್ನೂ ನಮಗೆ ಕಳುಹಿಸಿದರೆ ಪ್ರಕಟಿಸುತ್ತೇವೆ.

– ಸಂಪಾದಕ